ಗಂಗಾವತಿಯಿಂದ ಬಾಲಿಗೆ ಹೊರಟಿದ್ದೇನೆ. ನಡುವೆ ನ್ಯೆಪಿ, ಅಂದರೆ ಯಾರೂ ಹೊರಗೆ ಬಾರದ ಬಾಲಿಯ ಮೌನದ ಹಬ್ಬ, ಬಂದರೆ ಆ ದಿನ ಪಕ್ಕದ ದ್ವೀಪ ಲೊಂಬೊಕ್‌ಗೆ ದಾಟಿಬಿಡಲೇ?

ದಾಟಬೇಡಿ. ಒಂದು ದಿನ ಕೋಣೆಯಲ್ಲಿ ಕೂತರೆ ದುಡ್ಡು ದಂಡ ಎಂಬ ಲೆಕ್ಕವನ್ನು ನಾನೂ ಹಾಕಿದವನೇ. ಆದರೆ ಊರಿನ ಆಚಾರ ನೋಡಲೆಂದೇ ಬ್ಯಾಗ್ ಹೊತ್ತು ಹೋಗುವವರು ವರ್ಷದ ದೊಡ್ಡ ಆಚರಣೆಯ ದಿನವೇ ಊರು ಬಿಡುವುದು ನನಗೆ ಒಪ್ಪಿಗೆಯಿಲ್ಲ.

ನಿಜವಾಗಿ ದುಡ್ಡು ತಿನ್ನುವುದು ದಿನಾಂಕದ ತಪ್ಪು. ನನ್ನ ಟಿಕೆಟ್ ಹೋದದ್ದೂ ಅದರಿಂದಲೇ. ನ್ಯೆಪಿ ಶಕ ವರ್ಷದ ಮೊದಲ ದಿನ ಎಂದು ಓದಿದ ಕೂಡಲೇ ನಮ್ಮವರು ಯುಗಾದಿಗೆ ರಜೆ ಹಾಕುತ್ತಾರೆ. 2023ರಲ್ಲಿ ಎರಡೂ ಮಾರ್ಚ್ 22ಕ್ಕೇ ಬಂದಿದ್ದವು. ಆ ವರ್ಷ ನಮ್ಮ ಪಂಚಾಂಗದಲ್ಲಿ ಅಧಿಕ ಶ್ರಾವಣ ಸೇರಿತು, ಬಾಲಿಯವರ ಲೆಕ್ಕದಲ್ಲಿ ಅಧಿಕ ಮಾಸ ಬರಲಿಲ್ಲ. ಹಾಗಾಗಿ 2024ರಲ್ಲಿ ಅವರ ನ್ಯೆಪಿ ಮಾರ್ಚ್ 11ಕ್ಕೇ ಮುಗಿದಿತ್ತು, ನಮ್ಮ ಯುಗಾದಿ ಏಪ್ರಿಲ್ 9ಕ್ಕೆ. ಮರುವರ್ಷ ಮತ್ತೆ ಹತ್ತಿರ ಬಂದವು: ಮಾರ್ಚ್ 29 ಮತ್ತು 30. ಎರಡೂ ಹಬ್ಬ ಒಂದೇ ಅಮಾವಾಸ್ಯೆಯ ಬೆನ್ನಿಗೇ ಬರುತ್ತವೆ ಎಂದು ನಂಬಿ ಕೂಡಬೇಡಿ. ಆ ವರ್ಷದ ಬಾಲಿ ಕ್ಯಾಲೆಂಡರ್ ನೋಡಿ, ಆಮೇಲೆ ರಜೆ ಕೇಳಿ.

ಇನ್ನೊಂದು, ನ್ಯೆಪಿ ಬೆಳಿಗ್ಗೆ 6ಕ್ಕೆ ಶುರುವಾಗಿ ಮರುದಿನ ಬೆಳಿಗ್ಗೆ 6ಕ್ಕೆ ಮುಗಿಯುತ್ತದೆ. ಆ 24 ತಾಸು ಡೆನ್‌ಪಸಾರ್ ವಿಮಾನ ನಿಲ್ದಾಣವೂ ಬಂದ್, ಲೊಂಬೊಕ್‌ಗೆ ದೋಣಿ ಬಿಡುವ ಪಡಂಗ್ ಬಾಯ್ ಬಂದರೂ ಬಂದ್.

ಮೂರ್ನಾಲ್ಕು ದಿನ ಮೊದಲೇ ಮುಟ್ಟಿ. ಆಗ ಮೆಲಸ್ತಿ ಸಿಗುತ್ತದೆ: ಬಿಳಿ ಬಟ್ಟೆ ಉಟ್ಟ ಊರಿನವರು ಗುಡಿಯ ಪವಿತ್ರ ವಸ್ತುಗಳನ್ನು ಸಮುದ್ರಕ್ಕೆ ಒಯ್ದು ಶುದ್ಧಿ ಮಾಡುತ್ತಾರೆ. ನೋಡಲು ಹೋದರೆ ಸೊಂಟಕ್ಕೆ ಲುಂಗಿಯಂಥ ಸರೊಂಗ್, ಅದರ ಮೇಲೆ ನಡುಪಟ್ಟಿ ಕಟ್ಟಿಕೊಳ್ಳಿ. ಫೋಟೊ ತೆಗೆಯಲು ಪೂಜಾರಿಗಿಂತ ಎತ್ತರದ ಜಾಗ ಹತ್ತಬೇಡಿ. ನೆಲದ ಮೇಲಿಟ್ಟ ತೆಂಗಿನ ಗರಿಯ ಪುಟ್ಟ ಹೂಬುಟ್ಟಿ ತುಳಿಯಬೇಡಿ, ಅದು ನೈವೇದ್ಯ.

ನ್ಯೆಪಿಯ ಹಿಂದಿನ ಸಂಜೆ ಓಗೊ-ಓಗೊ ಮೆರವಣಿಗೆ. ಕೇರಿಯ ಹುಡುಗರು ವಾರಗಟ್ಟಲೆ ಕೂತು ಮಾಡಿದ ರಾಕ್ಷಸ ಗೊಂಬೆಗಳನ್ನು ಬಿದಿರಿನ ಚೌಕಟ್ಟಿನ ಮೇಲೆ ಹೆಗಲಿಗೇರಿಸಿ, ಕೂಡುರಸ್ತೆಗಳಲ್ಲಿ ಗಿರಗಿರ ತಿರುಗಿಸುತ್ತಾರೆ. ಮಧ್ಯಾಹ್ನದಿಂದಲೇ ರಸ್ತೆ ಕಟ್ಟುತ್ತಾರೆ, ಟ್ಯಾಕ್ಸಿ ಸಿಗುವುದಿಲ್ಲ. ನಡೆದು ಹೋಗುವಷ್ಟು ದೂರದಲ್ಲೇ ಕೋಣೆ ಹಿಡಿಯಿರಿ. ದೊಡ್ಡ ಹೋಟೆಲಿಗಿಂತ ಮನೆಯವರೇ ನಡೆಸುವ ಹೋಂಸ್ಟೇ ವಾಸಿ. ಹಬ್ಬ ಆ ಮನೆಯಲ್ಲೇ ನಡೆಯುತ್ತಿರುತ್ತದೆ.

ಆದರೆ ಅಂಥ ಮನೆಯಲ್ಲಿ ಊಟದ ಏರ್ಪಾಡು ನಿಮ್ಮದೇ. ಬೆಂಕಿ, ಕೆಲಸ, ಪ್ರಯಾಣ, ಮನರಂಜನೆ, ನಾಲ್ಕೂ ಅಂದು ನಿಷಿದ್ಧ. ಅಂಗಡಿ, ಎಟಿಎಂ ಮುಚ್ಚಿರುತ್ತವೆ, ಮೊಬೈಲ್ ಇಂಟರ್ನೆಟ್ ಕೂಡ 2018ರಿಂದ ಆ ದಿನ ನಿಲ್ಲಿಸುತ್ತಾರೆ. ನಮ್ಮ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಗಿಂತ ಒಳ್ಳೆ ಬುತ್ತಿ ಇದಕ್ಕಿಲ್ಲ, ಒಲೆ ಹಚ್ಚುವ ಮಾತೇ ಇಲ್ಲ. ಆರು ರೊಟ್ಟಿ, ಬಾಳೆಹಣ್ಣು, ಮೂರು ಲೀಟರ್ ನೀರು ಒಬ್ಬರಿಗೆ ಸಾಕು. ಹಣ್ಣು ಅಲ್ಲಿಯೇ ಕೊಳ್ಳಿ, ಇಲ್ಲಿಂದ ಒಯ್ಯಬೇಡಿ. ಮಾತ್ರೆ, ನಗದು ಹಿಂದಿನ ದಿನವೇ ಕೈಯಲ್ಲಿರಲಿ. ಕತ್ತಲಾದ ಮೇಲೆ ಬೆಳಕು ಕಿಟಕಿಯಾಚೆ ಹೋಗಬಾರದು. ಚೌಕಳಿ ಬಟ್ಟೆ ಉಟ್ಟ ಪೆಚಲಂಗ್ ಕಾವಲುಗಾರರು ಸುತ್ತುತ್ತಿರುತ್ತಾರೆ, ಬೆಳಕು ಕಂಡರೆ ಬಾಗಿಲು ತಟ್ಟುತ್ತಾರೆ. ಆಸ್ಪತ್ರೆಗೆ ಹೋಗುವ ತುರ್ತಿಗೆ ಮಾತ್ರ ವಿನಾಯಿತಿ. ದೀಪವಿಲ್ಲ, ಚಂದ್ರನಿಲ್ಲ, ಗಾಡಿಯ ಸದ್ದಿಲ್ಲ. ಅಂಗಳದಲ್ಲಿ ಕೂರಬಹುದೇ ಎಂದು ಮನೆಯವರನ್ನು ಕೇಳಿ. ಮೋಡವಿಲ್ಲದಿದ್ದರೆ ಅಷ್ಟು ನಕ್ಷತ್ರ ನಮ್ಮ ಆನೆಗೊಂದಿ ಗುಡ್ಡದ ಮೇಲೂ ಈಗ ಕಾಣುವುದಿಲ್ಲ.

ಬೆಂಗಳೂರಿಗೆ ವಾಪಸ್ ಟಿಕೆಟನ್ನು ನ್ಯೆಪಿಯ ಮರುದಿನಕ್ಕೆ ಮಾಡಿಸಬೇಡಿ. ಅಂದು ನಿಲ್ದಾಣದಲ್ಲಿ ಎರಡು ದಿನದ ಜನ ಸೇರಿರುತ್ತಾರೆ. ಅದೇ ದಿನ ಡೆನ್‌ಪಸಾರ್‌ನ ಸೆಸೆತಾನ್ ಕೇರಿಯಲ್ಲಿ ಒಮೆದ್-ಒಮೆದಾನ್ ನಡೆಯುತ್ತದೆ: ಮದುವೆಯಾಗದ ಹುಡುಗ ಹುಡುಗಿಯರ ಎರಡು ಗುಂಪು ಎದುರುಬದುರು ನಿಂತು ಎಳೆದಾಡುತ್ತವೆ, ಮೇಲಿಂದ ನೀರು ಎರಚುತ್ತಾರೆ. ಮಧ್ಯಾಹ್ನವೇ ಹೋಗಿ ಜಾಗ ಹಿಡಿಯಿರಿ, ಫೋನಿಗೆ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿ.