ನೂರು ಸೋತ ತಂಡವನ್ನು ಬಿಡೋದಾ, ಬೇಡವಾ?

ಪ್ರಶ್ನೆ: ಮೇಡಂ, ನಮಸ್ಕಾರ. ಅಮೆರಿಕಕ್ಕೆ ಬಂದ ಹೊಸದರಲ್ಲಿ ಆಫೀಸಿನವರು ಒಂದು ಬೇಸ್‌ಬಾಲ್ ಪಂದ್ಯಕ್ಕೆ ಕರೆದುಕೊಂಡು ಹೋದರು. ಅಂದಿನಿಂದ ಆ ಊರಿನ ತಂಡವೇ ನನ್ನ ತಂಡ. ಹೆಸರು ಬರೆಯೋಕೆ ನಾಚಿಕೆ, ಬಿಡಿ. ವರ್ಷಾವರ್ಷ ಸೋಲು. ಏಪ್ರಿಲ್‌ನಲ್ಲಿ ಆಸೆ ಹುಟ್ಟಿಸುತ್ತಾರೆ. ಜುಲೈ ಮುಗಿಯುವಷ್ಟರಲ್ಲಿ ಇದ್ದ ಒಬ್ಬಿಬ್ಬರು ಒಳ್ಳೆಯ ಆಟಗಾರರನ್ನೂ ಬೇರೆ ತಂಡಕ್ಕೆ ಕಳಿಸಿರುತ್ತಾರೆ. ಮೊನ್ನೆ ಕೊನೆಯ, ಅಂದರೆ ಒಂಬತ್ತನೇ ಇನ್ನಿಂಗ್ಸ್‌ಗೆ ನಾಲ್ಕು ರನ್ ಮುಂದಿದ್ದು ಸೋತರು. "ಸಿಟ್ಟು ಮಾಡ್ಕೊಳ್ಳೋದಕ್ಕೆ ಅಂತಲೇ ಯಾಕ್ರೀ ನೋಡ್ತೀರಾ?" ಅಂತ ನನ್ನ ಹೆಂಡತಿ ಕೇಳುತ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ. ತಂಡ ಬದಲಾಯಿಸಿದರೆ ಅದು ಮೋಸವಾ? (ಹೆಸರು ಬೇಡ)

ಉತ್ತರ: ತಂಡದ ಹೆಸರು ಬರೆಯದೆ ಇದ್ದದ್ದು ಒಳ್ಳೆಯದೇ ಆಯಿತು. ಈಗ ಕನಿಷ್ಠ ಆರೇಳು ತಂಡಗಳ ಅಭಿಮಾನಿಗಳು ಈ ಪತ್ರ ನಮ್ಮವರದ್ದೇ ಅಂದುಕೊಳ್ಳುತ್ತಾರೆ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ನಾನು ಫಿಲಡೆಲ್ಫಿಯಾ ಫಿಲ್ಲೀಸ್ ಕಡೆಯವಳು. ಅಮೆರಿಕದ ವೃತ್ತಿಪರ ತಂಡಗಳಲ್ಲಿ 10,000 ಸೋಲು ಮುಟ್ಟಿದ ಮೊದಲ ತಂಡ ನಮ್ಮದು. 2007ರ ಜುಲೈ 15, ನಮ್ಮದೇ ಮೈದಾನ, ಎದುರಿಗೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್, 10-2. ಹಾಗಾಗಿ ಸೋಲಿನ ವಿಷಯದಲ್ಲಿ ನನ್ನ ಮುಂದೆ ಯಾರಿಗೂ ಸಂಕೋಚ ಬೇಡ. ಮರುವರ್ಷ, 2008ರಲ್ಲಿ, ಅದೇ ತಂಡ ವರ್ಲ್ಡ್ ಸೀರೀಸ್, ಅಂದರೆ ಸೀಸನ್‌ನ ಕೊನೆಯ ಫೈನಲ್, ಗೆದ್ದಿತು. ಅಲ್ಲಿ ನಮಗೆ ಸೋತ ಟ್ಯಾಂಪಾ ಬೇ ತಂಡ, ಅದಕ್ಕೂ ಹಿಂದಿನ ಹತ್ತು ಸೀಸನ್‌ಗಳಲ್ಲಿ ಒಂಬತ್ತು ಸಲ ತನ್ನ ಡಿವಿಷನ್‌ನಲ್ಲಿ (ಲೀಗಿನೊಳಗಿನ ತಂಡಗಳ ಗುಂಪು) ಕಟ್ಟಕಡೆಗೆ ನಿಂತಿತ್ತು!

ಹಾಗಂತ ಮುಂದಿನ ವರ್ಷ ನಿಮ್ಮವರೂ ಗೆಲ್ಲುತ್ತಾರೆ ಅಂತ ಸುಮ್ನೆ ಹೇಳಲಾರೆ. ಪಿಟ್ಸ್‌ಬರ್ಗ್ ಪೈರೇಟ್ಸ್ 1993ರಿಂದ 2012ರವರೆಗೆ, ಸತತ 20 ಸೀಸನ್, ಗೆಲುವಿಗಿಂತ ಸೋಲನ್ನೇ ಜಾಸ್ತಿ ಕಂಡಿತು. 1993ರಲ್ಲಿ ಅಲ್ಲಿ ಹುಟ್ಟಿದ ಮಗು ಸ್ಕೂಲು ಮುಗಿಸಿತು, ಕಾಲೇಜು ಸೇರಿತು, ಓಟು ಹಾಕಿತು. ತಂಡ ಮಾತ್ರ ಹಾಗೇ ಇತ್ತು. ತಾಳ್ಮೆಗೆ ತಕ್ಕ ಫಲ ಸಿಗುತ್ತದೆ ಅನ್ನುವ ನಿಯಮ ಬೇಸ್‌ಬಾಲ್‌ನಲ್ಲಿ ಇಲ್ಲ.

ನೀವು ಹೇಳಿದ ನಾಲ್ಕು ರನ್ನಿನ ಕಥೆಗೆ ಬರೋಣ. ಇದು ಸೀಸನ್‌ಗೆ 162 ಪಂದ್ಯ ಆಡುವ ಆಟ. 2024ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಲಾಸ್ ಏಂಜಲಿಸ್ ಡಾಡ್ಜರ್ಸ್ ಆ ಸೀಸನ್‌ನಲ್ಲಿ 64 ಪಂದ್ಯ ಸೋತಿತ್ತು. ಅಂದರೆ ಚಾಂಪಿಯನ್ ತಂಡದ ಅಭಿಮಾನಿಯೂ ವಾರಕ್ಕೆ ಎರಡು ಮೂರು ರಾತ್ರಿ ಮುಖ ಸಿಂಡರಿಸಿಕೊಂಡೇ ಮಲಗಿದ. ಅದೇ ವರ್ಷ ಶಿಕಾಗೋ ವೈಟ್ ಸಾಕ್ಸ್ 121 ಪಂದ್ಯ ಸೋತಿತು. 1901ರಿಂದ ಈಚೆಗೆ ಯಾವ ತಂಡವೂ ಅಷ್ಟು ಸೋತಿರಲಿಲ್ಲ. ಆ ತಂಡ ಕೂಡ 41 ಸಲ ಗೆದ್ದಿತು. ಹಾಗಾಗಿ ಒಂದು ರಾತ್ರಿಯ ಸೋಲಿಗೆ ಟಿವಿ ರಿಮೋಟ್ ಎಸೆಯಬೇಡಿ. ಸಿಟ್ಟು ಬರಬೇಕಾದ ಜಾಗ ಬೇರೆ ಇದೆ.

ನನ್ನ ಪ್ರಕಾರ ಸೋಲುವ ತಂಡಗಳಲ್ಲಿ ಎರಡು ಜಾತಿ. ಗೆಲ್ಲೋಕೆ ಒದ್ದಾಡಿ ಸೋಲುವವರು ಒಂದು. ಸೋತರೂ ತಮಗೇನೂ ನಷ್ಟ ಇಲ್ಲ ಅಂತ ಗೊತ್ತಿರುವವರು ಇನ್ನೊಂದು.

ಮೊದಲನೆಯದಕ್ಕೆ 1962ರ ನ್ಯೂಯಾರ್ಕ್ ಮೆಟ್ಸ್ ನೋಡಿ. ಹೊಸ ತಂಡ. ಉಳಿದ ತಂಡಗಳು ಬೇಡವೆಂದು ಬಿಟ್ಟ ಆಟಗಾರರನ್ನು ಸೇರಿಸಿ ಕಟ್ಟಿದ್ದು. 40 ಗೆದ್ದು 120 ಸೋತರು. ಜನ ನಕ್ಕರು, ಆದರೆ ಪ್ರೀತಿಯಿಂದ ನಕ್ಕರು. ಏಳು ವರ್ಷಕ್ಕೆ, 1969ರಲ್ಲಿ, ಅದೇ ಮೆಟ್ಸ್ ವರ್ಲ್ಡ್ ಸೀರೀಸ್ ಗೆದ್ದಿತು.

ಎರಡನೆಯದರ ಮೂಲಪುರುಷ 1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್. ಅದರ ಮಾಲೀಕರು ಸೇಂಟ್ ಲೂಯಿಸ್ ತಂಡವನ್ನೂ ಕೊಂಡುಕೊಂಡರು, ಕ್ಲೀವ್‌ಲ್ಯಾಂಡಿನ ಒಳ್ಳೆಯ ಆಟಗಾರರನ್ನೆಲ್ಲ ಅಲ್ಲಿಗೆ ಸಾಗಿಸಿದರು. ಉಳಿದವರು 20 ಗೆದ್ದು 134 ಸೋತರು. ನೋಡೋಕೆ ಜನವೇ ಬರುತ್ತಿರಲಿಲ್ಲ, ಟಿಕೆಟ್ ದುಡ್ಡಿನ ಪಾಲು ಖರ್ಚಿಗೂ ಸಾಲದೆ ಬೇರೆ ತಂಡಗಳು ಕ್ಲೀವ್‌ಲ್ಯಾಂಡಿಗೆ ಬರೋಕೆ ಒಪ್ಪಲಿಲ್ಲ. ಹೆಚ್ಚಿನ ಪಂದ್ಯಗಳನ್ನು ಪರ ಊರಲ್ಲೇ ಆಡಿದರು, ಅಲ್ಲೇ 101 ಸೋತರು. ಆ ಸೀಸನ್ ಮುಗಿದ ಮೇಲೆ ತಂಡವೇ ಇಲ್ಲವಾಯಿತು.

ಇವತ್ತು ಅಷ್ಟು ಬಹಿರಂಗವಾಗಿ ಯಾರೂ ಮಾಡಲ್ಲ. ಈಗಿನ ವ್ಯವಸ್ಥೆಯೇ ಮೆತ್ತಗಿದೆ. ಯುರೋಪಿನ ಫುಟ್‌ಬಾಲ್ ಲೀಗ್‌ಗಳಲ್ಲಿ ಕೊನೆಗೆ ಬಂದ ತಂಡಗಳನ್ನು ಕೆಳಗಿನ ಲೀಗಿಗೆ ತಳ್ಳುತ್ತಾರೆ. ಇಲ್ಲಿ ಅದಿಲ್ಲ. ಎಷ್ಟೇ ಸೋತರೂ ಮುಂದಿನ ಏಪ್ರಿಲ್‌ಗೆ ಅದೇ 30 ತಂಡ. ಪ್ರತಿ ತಂಡ ತನ್ನ ಸ್ಥಳೀಯ ವರಮಾನದ 48 ಶೇಕಡಾ ಒಂದೆಡೆ ಹಾಕುತ್ತದೆ, ಅದನ್ನು ಎಲ್ಲರಿಗೂ ಸಮನಾಗಿ ಹಂಚುತ್ತಾರೆ. ರಾಷ್ಟ್ರೀಯ ಟಿವಿ ಹಕ್ಕಿನ ದುಡ್ಡು ಬೇರೆ. ಆಟಗಾರರ ಸಂಬಳಕ್ಕೆ ಇಷ್ಟಾದರೂ ಖರ್ಚು ಮಾಡಲೇಬೇಕು ಅನ್ನುವ ಕಟ್ಟುನಿಟ್ಟು ಇಲ್ಲ. ಖರ್ಚು ಮಿತಿಮೀರಿದರೆ ದಂಡದಂಥ ತೆರಿಗೆ ಇದೆ, ಮಾಡದೇ ಇದ್ದರೆ ಇಲ್ಲ. ಮಾಲೀಕನಿಗೆ ಗೆಲ್ಲುವ ಹಟ ಇದ್ದರೆ ಸರಿ. ಇಲ್ಲದಿದ್ದರೂ ಅವನ ಮನೆ ಒಲೆ ಆರಲ್ಲ.

ಇದರ ಮೇಲೆ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ವ್ಯವಸ್ಥೆ. ಹಿಂದೆ ಅತಿ ಹೆಚ್ಚು ಸೋತವರಿಗೆ ಮರುವರ್ಷ ಹೊಸ ಹುಡುಗರಲ್ಲಿ ಮೊದಲ ಆಯ್ಕೆ ಸಿಗುತ್ತಿತ್ತು. ಹ್ಯೂಸ್ಟನ್ ಆಸ್ಟ್ರೋಸ್ 2011ರಿಂದ ಮೂರು ವರ್ಷ 106, 107, 111 ಸೋತಿತು. ಹಳಬರನ್ನು ಕಳಿಸಿತು, ಹುಡುಗರನ್ನು ಕೂಡಿಹಾಕಿತು, 2017ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. (ಆ ವರ್ಷ ಕ್ಯಾಮೆರಾ ಇಟ್ಟು ಎದುರಾಳಿ ಕ್ಯಾಚರ್ ಚೆಂಡು ಎಸೆಯುವವನಿಗೆ ಮಾಡುವ ಸನ್ನೆ ಕದ್ದಿದ್ದರು ಅಂತ ಆಮೇಲೆ ಬಯಲಾಯಿತು. ಆ ಗೆಲುವನ್ನು ನಾನಂತೂ ಪೂರ್ತಿ ಲೆಕ್ಕಕ್ಕೆ ಹಿಡಿಯಲ್ಲ.) ಅದನ್ನು ನೋಡಿ ಎಷ್ಟೋ ಮಾಲೀಕರಿಗೆ ಒಂದು ಸೊಗಸಾದ ನೆಪ ಸಿಕ್ಕಿತು: "ನಾವು ತಂಡ ಕಟ್ಟುತ್ತಿದ್ದೇವೆ, ಸ್ವಲ್ಪ ಕಾಯಿರಿ."

ಬೇಕಂತಲೇ ಸೋಲೋದನ್ನು ತಡೆಯಲು 2023ರ ಡ್ರಾಫ್ಟ್‌ನಿಂದ ಲಾಟರಿ ಬಂತು. ಕೊನೆಯ ಮೂರು ತಂಡಗಳಿಗೆ ಮೊದಲ ಆಯ್ಕೆಯ ಅವಕಾಶ ತಲಾ 16.5 ಶೇಕಡಾ ಮಾತ್ರ. ದುಡ್ಡಿರುವ ತಂಡಗಳು ಸತತ ಎರಡು ವರ್ಷ ಲಾಟರಿಯ ಆಯ್ಕೆ ಪಡೆಯುವಂತೆಯೂ ಇಲ್ಲ. ಈ ನಿಯಮದಿಂದಾಗಿಯೇ 121 ಸೋತ ವೈಟ್ ಸಾಕ್ಸ್‌ಗೆ 2025ರಲ್ಲಿ ಸಿಕ್ಕಿದ್ದು 10ನೇ ಆಯ್ಕೆ. ಅಷ್ಟು ಸೋತು ಅದೂ ದಕ್ಕಲಿಲ್ಲ ಅಂದರೆ ಅಲ್ಲಿನ ಅಭಿಮಾನಿಗಳ ಹೊಟ್ಟೆ ಎಷ್ಟು ಉರಿದಿರಬೇಡ, ಅಲ್ವಾ?

ನಿಮ್ಮದು ಯಾವ ಜಾತಿ ಅಂತ ನೀವೇ ನೋಡಿಕೊಳ್ಳಬಹುದು. ಅಂಕಪಟ್ಟಿ ಬಿಡಿ, ಹೊಡೆದ ರನ್ನು ಮತ್ತು ಬಿಟ್ಟುಕೊಟ್ಟ ರನ್ನು ನೋಡಿ. ಬೇಸ್‌ಬಾಲ್ ಅಂಕಿಅಂಶಗಳ ಪಂಡಿತ ಬಿಲ್ ಜೇಮ್ಸ್ ಕೊಟ್ಟ ಒಂದು ಸುಲಭ ಸೂತ್ರ ಇದೆ. ಹೊಡೆದ ರನ್ನಿನ ವರ್ಗವನ್ನು, ಹೊಡೆದದ್ದರ ವರ್ಗ ಮತ್ತು ಕೊಟ್ಟದ್ದರ ವರ್ಗ ಎರಡರ ಮೊತ್ತದಿಂದ ಭಾಗಿಸಿ. ಬಂದದ್ದನ್ನು 162ರಿಂದ ಗುಣಿಸಿದರೆ ತಂಡ ಸುಮಾರು ಎಷ್ಟು ಗೆಲ್ಲಬೇಕಿತ್ತು ಅಂತ ಗೊತ್ತಾಗುತ್ತದೆ. 2024ರ ವೈಟ್ ಸಾಕ್ಸ್ ಹೊಡೆದದ್ದು 507, ಕೊಟ್ಟದ್ದು 813. ಲೆಕ್ಕಕ್ಕೆ 45 ಗೆಲುವು ಬರುತ್ತದೆ, ಸಿಕ್ಕಿದ್ದು 41. ನಾಲ್ಕು ಪಂದ್ಯ ದುರದೃಷ್ಟ, ಉಳಿದದ್ದೆಲ್ಲ ಸ್ವಯಾರ್ಜಿತ. ನಿಮ್ಮ ತಂಡಕ್ಕೆ ಲೆಕ್ಕ ಹತ್ತು ಗೆಲುವು ಜಾಸ್ತಿ ತೋರಿಸಿದರೆ ಧೈರ್ಯವಾಗಿ ಕಾಯಿರಿ, ಬುಲ್‌ಪೆನ್‌ಗೆ, ಅಂದರೆ ಪಂದ್ಯದ ಮಧ್ಯೆ ಬದಲಿಯಾಗಿ ಚೆಂಡು ಎಸೆಯಲು ಬರುವವರ ಗುಂಪಿಗೆ, ಇಬ್ಬರು ಒಳ್ಳೆಯ ಪಿಚರ್‌ಗಳು ಬಂದರೆ ಚಿತ್ರವೇ ಬದಲಾಗಬಹುದು.

ಇನ್ನೊಂದು ಗುರುತು: ಬೆಳೆದ ಹುಡುಗರನ್ನು ಏನು ಮಾಡುತ್ತಾರೆ? ಆಟಗಾರ ಮೇಜರ್ ಲೀಗ್‌ನಲ್ಲಿ (ಈ 30 ತಂಡಗಳ ಲೀಗ್) ಆರು ವರ್ಷ ಪೂರೈಸಿದರೆ ಬೇಕಾದ ತಂಡಕ್ಕೆ ಹೋಗುವ ಸ್ವಾತಂತ್ರ್ಯ ಬರುತ್ತದೆ. ಆ ಗಡುವು ಹತ್ತಿರ ಬಂದಾಗಲೆಲ್ಲ ನಿಮ್ಮ ತಂಡ ಅವನನ್ನು ಮಾರಿ, ಪ್ರತಿಯಾಗಿ ಇನ್ನೂ ಮೀಸೆ ಚಿಗುರದ ಮೂವರನ್ನು ತರುತ್ತಿದೆಯಾ? ಒಂದು ಸಲ ಆದರೆ ಅದು ಯೋಜನೆ. ಪ್ರತಿ ಸಲವೂ ಆದರೆ ಅದು ವ್ಯಾಪಾರ.

ವ್ಯಾಪಾರವೇ ಆಗಿದ್ದರೆ ನನ್ನ ಸಲಹೆ ಇಷ್ಟು. ಆಟ ಬಿಡಬೇಡಿ, ದುಡ್ಡು ಕೊಡೋದು ಬಿಡಿ. ಸೀಸನ್ ಟಿಕೆಟ್ ಬೇಡ, ಹೊಸ ಜರ್ಸಿ ಬೇಡ. ರೇಡಿಯೊ ಕಾಮೆಂಟರಿ ಕೇಳಿ. ಹತ್ತಿರದಲ್ಲಿ ಮೈನರ್ ಲೀಗ್ (ಕೆಳಹಂತದ ಲೀಗ್) ತಂಡ ಇದ್ದರೆ ಅಲ್ಲಿಗೆ ಹೋಗಿ. ಮುಂದೆ ಮಾರಿಹೋಗಲಿರುವ ಹುಡುಗರನ್ನು ಅಲ್ಲೇ ಕಡಿಮೆ ಖರ್ಚಿನಲ್ಲಿ ನೋಡಬಹುದು. ನಿಮ್ಮ ತಂಡದಲ್ಲಿ ಒಬ್ಬನಾದರೂ ನೋಡುವಂಥ ಪಿಚರ್ ಇರುತ್ತಾನೆ. ಐದಾರು ದಿನಕ್ಕೊಮ್ಮೆ ಅವನ ಸರದಿ. ಅವತ್ತು ಮಾತ್ರ ನೋಡಿ, ಅವನು ಇಳಿದ ಕೂಡಲೇ ಆರಿಸಿಬಿಡಿ. ನಾಲ್ಕು ರನ್ ಮುಂದಿದ್ದು ಸೋಲುವ ದೃಶ್ಯ ನಿಮ್ಮ ಕಣ್ಣಿಗೆ ಬೀಳೋದೇ ಇಲ್ಲ.

ಮೋಸದ ಪ್ರಶ್ನೆಗೆ ಓಕ್ಲೆಂಡ್ ಜನರ ಉದಾಹರಣೆ ಸಾಕು. 2023ರಲ್ಲಿ ಅವರ ಅಥ್ಲೆಟಿಕ್ಸ್ ತಂಡ 112 ಸೋತಿತು, ಮಾಲೀಕ ತಂಡವನ್ನೇ ಲಾಸ್ ವೇಗಸ್‌ಗೆ ಒಯ್ಯುವ ತಯಾರಿಯಲ್ಲಿದ್ದ. ಜೂನ್ 13ರಂದು ಅಭಿಮಾನಿಗಳು ಬಹಿಷ್ಕಾರ ಹಾಕೋದರ ಬದಲು ಉಲ್ಟಾ ಮಾಡಿದರು: ಎಲ್ಲರೂ ಬಂದರು. 27,759 ಜನ. "ಮಾರಿಬಿಡು" ಅಂತ ಮಾಲೀಕನಿಗೆ ಹೇಳುವ ಹಸಿರು ಶರ್ಟ್ ಹಾಕಿಕೊಂಡು ಕೂಗಿದರು. ಅವತ್ತು ತಂಡ ಟ್ಯಾಂಪಾ ಬೇ ವಿರುದ್ಧ 2-1ರಲ್ಲಿ ಗೆದ್ದೂಬಿಟ್ಟಿತು. ಆದರೂ 2024ರ ಸೀಸನ್ ಮುಗಿಸಿ ಊರು ಬಿಟ್ಟಿತು. ಈಗ ವೆಸ್ಟ್ ಸ್ಯಾಕ್ರಮೆಂಟೊದ ಮೈನರ್ ಲೀಗ್ ಮೈದಾನದಲ್ಲಿ ಬಿಡಾರ ಹೂಡಿದೆ. ಅಭಿಮಾನಿ ತಂಡ ಬಿಟ್ಟರೆ ಮೋಸ ಅನ್ನುವವರು, ತಂಡ ಅಭಿಮಾನಿಯನ್ನು ಬಿಟ್ಟಾಗ ಎಲ್ಲಿದ್ದರು? ಬದಲಾಯಿಸಬೇಕು ಅನ್ನಿಸಿದರೆ ಬದಲಾಯಿಸಿ. ಒಂದೇ ಷರತ್ತು, ಹೋದ ವರ್ಷ ಗೆದ್ದವರ ಟೋಪಿ ಹಾಕಿಕೊಳ್ಳಬೇಡಿ. ಅದು ಚೆನ್ನಾಗಿರಲ್ಲ.

ಹೆಂಡತಿಗೆ ಏನು ಹೇಳೋದು ಅಂತೀರಾ? ಅವರು ಕೇಳಿದ್ದು ನಿಮ್ಮ ಸಿಟ್ಟಿನ ಬಗ್ಗೆ. ಆಟದ ಬಗ್ಗೆ ಅವರ ತಕರಾರು ಇದ್ದಂತೆ ಕಾಣಲ್ಲ.

ಪ್ರಶ್ನೆ: ಮೇಡಂ, ಕೆಲವು ತಂಡಗಳಿಗೆ ಶಾಪ ಇದೆ ಅಂತಾರಲ್ಲ, ನಿಜವಾ?

ಉತ್ತರ: ಆ ಕಾಲದ ದೊಡ್ಡ ಆಟಗಾರ ಬೇಬ್ ರೂತ್‌ನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿದ್ದಕ್ಕೆ ಬಾಸ್ಟನ್ ರೆಡ್ ಸಾಕ್ಸ್‌ಗೆ ಶಾಪ, 1945ರಲ್ಲಿ ಒಂದು ಮೇಕೆಯನ್ನು ಮೈದಾನದಿಂದ ಆಚೆ ಹಾಕಿದ್ದಕ್ಕೆ ಶಿಕಾಗೋ ಕಬ್ಸ್‌ಗೆ ಶಾಪ ಅನ್ನುತ್ತಿದ್ದರು. ಬಾಸ್ಟನ್ 1918ರ ನಂತರ ಗೆದ್ದದ್ದು 2004ರಲ್ಲಿ. ಕಬ್ಸ್ 1908ರ ನಂತರ ಗೆದ್ದದ್ದು 2016ರಲ್ಲಿ. ಎರಡೂ ಕಡೆ ಆಗ ತಂಡ ಕಟ್ಟುವ ಹೊಣೆ ಹೊತ್ತಿದ್ದವನು ಒಬ್ಬನೇ, ಥಿಯೋ ಎಪ್‌ಸ್ಟೀನ್. ಅವನು ಮಂತ್ರವಾದಿ ಅಲ್ಲ, ಒಳ್ಳೆಯ ಆಟಗಾರರನ್ನು ಹುಡುಕುವವನು. ಕಬ್ಸ್‌ಗೆ ಬಂದ ಮೊದಲ ಸೀಸನ್‌ನಲ್ಲಿ 101 ಸೋತಿದ್ದ ಅನ್ನೋದೂ ನೆನಪಿರಲಿ.

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಅಪ್ಪನ ಸೋಲುವ ತಂಡವನ್ನೇ ಅವಳೂ ಹಚ್ಚಿಕೊಂಡಿದ್ದಾಳೆ. ತಪ್ಪಿಸಬೇಕಾ? (ಒಬ್ಬ ತಾಯಿ)

ಉತ್ತರ: ಬೇಡ. 1988ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಸೀಸನ್‌ನ ಮೊದಲ 21 ಪಂದ್ಯ ಸಾಲಾಗಿ ಸೋತಿತು. ಆಮೇಲೆ ಊರಿಗೆ ಬಂದಾಗ, ಮೇ 2ರ ರಾತ್ರಿ, ಸ್ವಾಗತಿಸಲು 50,000ಕ್ಕೂ ಜಾಸ್ತಿ ಜನ ಮೈದಾನಕ್ಕೆ ಬಂದಿದ್ದರು. ಅಂಥ ಗುಂಪಿನಲ್ಲಿ ಒಂದು ಸಲ ಕೂತ ಮಗುವಿಗೆ ಅಂಕಪಟ್ಟಿ ಅಷ್ಟು ಮುಖ್ಯ ಅನ್ನಿಸಲ್ಲ. ಸ್ಕೋರ್‌ಕಾರ್ಡ್ ತುಂಬೋದು ಕಲಿಸಿ. ಸೋಲುವ ತಂಡದ ಸ್ಕೋರ್‌ಕಾರ್ಡ್‌ನಲ್ಲೇ ಬರೆಯೋಕೆ ಜಾಸ್ತಿ ಕೆಲಸ.

ಪ್ರಶ್ನೆ: ಏಳನೇ ಇನ್ನಿಂಗ್ಸ್‌ನಲ್ಲಿ ಹನ್ನೆರಡು ರನ್ ಹಿಂದಿದ್ದರೂ ಎದ್ದು ಹೋಗಬಾರದಾ?

ಉತ್ತರ: 2001ರ ಆಗಸ್ಟ್ 5ರಂದು ಕ್ಲೀವ್‌ಲ್ಯಾಂಡ್ ಏಳನೇ ಇನ್ನಿಂಗ್ಸ್‌ನಲ್ಲಿ 14-2 ಹಿಂದಿತ್ತು. ಎದುರಿಗೆ ಆ ವರ್ಷ 116 ಪಂದ್ಯ ಗೆದ್ದ ಸಿಯಾಟಲ್ ಮ್ಯಾರಿನರ್ಸ್. ಒಂಬತ್ತಕ್ಕೆ ಸಮವಾಗಿ ಆಟ ಮುಂದುವರಿದು, ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ಕ್ಲೀವ್‌ಲ್ಯಾಂಡ್ 15-14ರಲ್ಲಿ ಗೆದ್ದಿತು. ಆದರೂ ಬೆಳಗ್ಗೆ ಬೇಗ ಕೆಲಸ ಇದ್ದರೆ ಎದ್ದು ಹೋಗಿ, ಪಾರ್ಕಿಂಗ್‌ನಲ್ಲಿ ಕಾರು ಆಚೆ ತೆಗೆಯೋದೂ ಸುಲಭ. ರೇಡಿಯೊ ಮಾತ್ರ ಹಾಕಿಕೊಂಡಿರಿ.