ಓದುಗರ ಪ್ರಶ್ನೆ: ಹುಲಿಗಳ ಅಂಗಳದಲ್ಲಿ ಕಡಲಗಾಳಿ

ಪ್ರಶ್ನೆ: ಜಪಾನಿನ ಹನ್ಶಿನ್ ಟೈಗರ್ಸ್ ಬೇಸ್‌ಬಾಲ್ ತಂಡದ ಕೋಶಿಯೆನ್ ಮೈದಾನದಲ್ಲಿ ಎಡಗೈ ಬ್ಯಾಟರ್‌ಗಳಿಗೆ ಹೋಮ್ ರನ್ (ಬೇಲಿ ದಾಟಿಸುವ ಹೊಡೆತ) ಹೊಡೆಯುವುದು ಕಷ್ಟವಂತೆ. ಬೇಲಿ ಅಷ್ಟು ದೂರವೇ?

ಉತ್ತರ: ಬೇಲಿಗಿಂತ ಗಾಳಿಯ ಕಾಟವೇ ಜಾಸ್ತಿ. ನಿಶಿನೊಮಿಯ ನಗರದ ಈ ಮೈದಾನಕ್ಕೆ ಸಮುದ್ರ ಹತ್ತಿರ. ಅಲ್ಲಿಂದ ಬರುವ 'ಹಮಕಾಜೆ' ಗಾಳಿ ರೈಟ್ ಫೀಲ್ಡ್ (ಬ್ಯಾಟರ್ ಕಡೆಯಿಂದ ನೋಡಿದರೆ ಬಲಗಡೆಯ ಹೊರ ಅಂಗಳ) ಕಡೆಯಿಂದ ಎಡಗಡೆಯ ಲೆಫ್ಟ್ ಫೀಲ್ಡ್ ಕಡೆಗೆ ಬೀಸುತ್ತದೆ. ಎಡಗೈಯವನು ಎಳೆದು ಬಾರಿಸಿದ ಚೆಂಡು ಹೋಗುವುದು ರೈಟ್ ಫೀಲ್ಡಿಗೇ, ಅಂದರೆ ಗಾಳಿಯ ಬಾಯಿಗೇ. ಎತ್ತರಕ್ಕೆ ಎದ್ದಷ್ಟೂ ನಷ್ಟ. ಬೇಲಿ ದಾಟಬೇಕಾದ ಹೊಡೆತ ಫೀಲ್ಡರ್ ಕೈಗೆ ಬಂದು ಬೀಳುತ್ತದೆ.

ಬ್ಯಾಟರ್ ನಿಲ್ಲುವ ಜಾಗದಿಂದ ಎರಡೂ ಫೌಲ್ ಗೆರೆಗಳ (ಅಂಗಳದ ಎರಡು ಪಕ್ಕದ ಗೆರೆಗಳ) ತುದಿಗೆ 95 ಮೀಟರ್, ನಡುವೆ 118 ಮೀಟರ್. ಕೇಳಲು ಸಣ್ಣದೇ. ಆದರೆ ಇವೆರಡರ ಮಧ್ಯೆ ಬೇಲಿ ಹೊಟ್ಟೆ ಬಿಟ್ಟಂತೆ ಹಿಂದಕ್ಕೆ ಸರಿದಿದೆ. ಹೊಡೆತಗಾರರಿಗೆ ಅನುಕೂಲವಾಗಲೆಂದು 1947ರಲ್ಲಿ ಒಳಗಡೆ ಇನ್ನೊಂದು ಬೇಲಿ ಹಾಕಿ 'ಲಕ್ಕಿ ಝೋನ್' ಮಾಡಿದ್ದರು. 1991ರ ಋತು ಮುಗಿದ ಮೇಲೆ ಅದನ್ನು ಕಿತ್ತರು.

ಗಾಳಿಯನ್ನು ದುಡಿಸಿಕೊಂಡವನು ಅಮೆರಿಕದ ರ‍್ಯಾಂಡಿ ಬಾಸ್. ಎಡಗೈ ಬ್ಯಾಟರ್ ಆಗಿದ್ದೂ ಹೊರಗಿನ ಚೆಂಡನ್ನು ಎಳೆಯುವ ಹಟ ಬಿಟ್ಟು ಲೆಫ್ಟ್ ಫೀಲ್ಡಿಗೆ ತಳ್ಳಿದ. ಉಳಿದದ್ದನ್ನು ಗಾಳಿ ನೋಡಿಕೊಂಡಿತು. 1985ರಲ್ಲಿ 54 ಹೋಮ್ ರನ್, 134 ಆರ್‌ಬಿಐ (ಅವನ ಹೊಡೆತದಿಂದ ತಂಡಕ್ಕೆ ಬಂದ ರನ್‌ಗಳು), ಬ್ಯಾಟಿಂಗ್ ಸರಾಸರಿ .350. ಮರುವರ್ಷದ .389 ಜಪಾನ್ ವೃತ್ತಿಪರ ಬೇಸ್‌ಬಾಲಿನ ಒಂದು ಋತುವಿನ ದಾಖಲೆ. ನಮ್ಮ ಮಟ್ಟಿಗೆ 54ಕ್ಕಿಂತ ಈ .389 ದೊಡ್ಡದು.

ಪ್ರಶ್ನೆ: ಇನ್‌ಫೀಲ್ಡ್ (ಬೇಸ್‌ಗಳ ಸುತ್ತಲಿನ ಒಳ ಅಂಗಳ) ಕೋಶಿಯೆನ್‌ನಲ್ಲಿ ಕಪ್ಪಗೆ ಕಾಣುವುದೇಕೆ?

ಉತ್ತರ: ಅಲ್ಲಿ ಹುಲ್ಲಿಲ್ಲ, ಕಪ್ಪು ಮಣ್ಣು ಮತ್ತು ಮರಳಿನ ಮಿಶ್ರಣವಿದೆ. ಪ್ರಮಾಣ ವರ್ಷವಿಡೀ ಒಂದೇ ಅಲ್ಲ. ವಸಂತದಲ್ಲಿ ಮಳೆ ಹೆಚ್ಚೆಂದು, ನೀರು ಬೇಗ ಇಳಿಯಲು ಮರಳು ಜಾಸ್ತಿ. ಬೇಸಿಗೆಯ ಬಿಸಿಲಿನಲ್ಲಿ ಬಿಳಿ ಚೆಂಡು ಎದ್ದು ಕಾಣಲು ಕಪ್ಪು ಮಣ್ಣು ಜಾಸ್ತಿ. ಆಟ, ಮಳೆಗಳಿಂದ ಎರಡೂ ಬೇರ್ಪಟ್ಟು ಪದರವಾಗುತ್ತವೆ. ಅದಕ್ಕೇ ಚಳಿಗಾಲದಲ್ಲಿ ಸುಮಾರು 25 ಸೆಂ.ಮೀ. ಆಳ ಅಗೆದು ಮಣ್ಣು ಮಗುಚಿ, ಮಳೆಯಲ್ಲಿ ನೆನೆಯಲು ಬಿಟ್ಟು, ಹದ ನೋಡಿ ರೋಲರ್ ಎಳೆಯುತ್ತಾರೆ. ಆತುರಪಟ್ಟು ಒಣಮಣ್ಣಿಗೇ ರೋಲರ್ ಹಾಕಿದರೆ ಮೇಲ್ಪದರ ಮಾತ್ರ ಗಟ್ಟಿ, ಒಳಗೆ ಪೊಳ್ಳು. ಚೆಂಡಿನ ಪುಟಿತ ಒಂದೊಂದು ಕಡೆ ಒಂದೊಂದು ಥರ.

ಪ್ರಶ್ನೆ: ಜಪಾನ್ ಲೀಗಿನಲ್ಲಿ ಕಡಿಮೆ ಪಂದ್ಯ ಗೆದ್ದ ತಂಡ ಪಟ್ಟಿಯಲ್ಲಿ ಮೇಲಿರಲು ಸಾಧ್ಯವೇ?

ಉತ್ತರ: ಸಾಧ್ಯ. ಲೀಗ್ ಪಂದ್ಯ 12 ಇನ್ನಿಂಗ್ಸ್ ಆದರೂ ಇತ್ಯರ್ಥವಾಗದಿದ್ದರೆ ಡ್ರಾ. ಸ್ಥಾನ ನಿರ್ಧರಿಸುವ ಶೇಕಡಾವಾರಿಗೆ ಡ್ರಾಗಳನ್ನು ಬಿಟ್ಟು, ಗೆಲುವನ್ನು ಗೆಲುವು–ಸೋಲುಗಳ ಮೊತ್ತದಿಂದ ಭಾಗಿಸುತ್ತಾರೆ. 143 ಪಂದ್ಯಗಳಲ್ಲಿ 80 ಗೆಲುವು, 60 ಸೋಲು, 3 ಡ್ರಾ ಎಂದರೆ .571. ಡ್ರಾ ಇಲ್ಲದೆ 81 ಗೆದ್ದು 62 ಸೋತವರಿಗೆ .566. ಒಂದು ಗೆಲುವು ಹೆಚ್ಚಿದ್ದೂ ಕೆಳಗೆ!

ಪ್ರಶ್ನೆ: ಕರ್ನಲ್ ಸ್ಯಾಂಡರ್ಸ್ ಶಾಪ ನಿಜವೇ?

ಉತ್ತರ: 1985ರ ಲೀಗ್ ಗೆಲುವಿನ ಅಮಲಿನಲ್ಲಿ ಅಭಿಮಾನಿಗಳು ಬಾಸ್‌ನನ್ನು ಹೋಲುತ್ತದೆಂದು ಕೆಎಫ್‌ಸಿ ಪ್ರತಿಮೆಯನ್ನು ಒಸಾಕಾದ ದೋತೊಂಬೊರಿ ಕಾಲುವೆಗೆ ಎಸೆದದ್ದು ನಿಜ. ಅದು ಸಿಗುವವರೆಗೂ ತಂಡಕ್ಕೆ ಜಪಾನ್ ಸೀರೀಸ್ (ಎರಡು ಲೀಗ್‌ಗಳ ಚಾಂಪಿಯನ್‌ಗಳ ನಡುವಿನ ಅಂತಿಮ ಸರಣಿ) ಸಿಗದು ಎಂಬುದೇ ಶಾಪದ ಕಥೆ. 2009ರಲ್ಲಿ ಅದು ಸಿಕ್ಕಿದ್ದೂ ನಿಜ, ಕನ್ನಡಕ ಮತ್ತು ಎಡಗೈ ಬಿಟ್ಟು. ಜಪಾನ್ ಸೀರೀಸ್ ಮತ್ತೆ ಕೈಗೆ ಬಂದದ್ದು ಮಾತ್ರ 2023ರಲ್ಲಿ, ಒರಿಕ್ಸ್ ಬಫಲೋಸ್ ವಿರುದ್ಧ 4–3ರಿಂದ. ಶಾಪವೇ ಆಗಿದ್ದರೆ ಪ್ರತಿಮೆ ಸಿಕ್ಕ ಮೇಲೂ 14 ವರ್ಷ ಯಾಕೆ ಕಾಯಿಸಿತು?