ಹಾಡು ಬಿಟ್ಟು ಹೇಳಿ

ಸಿನಿಮಾದ ಹಂಗಿಲ್ಲದೆ ತಾವೇ ಬರೆದು, ರಾಗ ಹಾಕಿ, ಹಾಡಿ, ಆನ್‌ಲೈನ್‌ನಲ್ಲಿ ಬಿಡುವ ಹಾಡುಗಾರರು ಮನಸ್ಸಿನ ಚಿಕಿತ್ಸೆಗೆಂದು ನನ್ನ ಬಳಿ ಬರುವುದು ಈಚೆಗೆ ಜಾಸ್ತಿಯಾಗಿದೆ. ಅವರಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳುತ್ತೇನೆ. 'ಒಂದು ಹಾಡು ಗೆದ್ದಿತು. ಆಮೇಲೆ ಏನೂ ಹುಟ್ಟುತ್ತಿಲ್ಲ.' ಅಂಥ ಒಬ್ಬಳ ಕಥೆಯನ್ನು ಆಕೆಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಆಕೆಗೆ ಇಪ್ಪತ್ತೇಳು. ಧಾರವಾಡದ ಕಡೆಯವಳು, ಬೆಂಗಳೂರಿನಲ್ಲಿ ಬಾಡಿಗೆ ಮನೆ. ಅಪ್ಪ ತೀರಿಕೊಂಡ ಮೇಲೆ ಬರೆದ ಹಾಡು ಜನರಿಗೆ ಹಿಡಿಸಿತ್ತು. ಉಳಿದ ಎಂಟು ಹಾಡುಗಳನ್ನು ಕೇಳಿದವರು ಕಡಿಮೆ. ಸ್ಪಾಟಿಫೈನಲ್ಲಿ 2024ರಿಂದ ಒಂದು ನಿಯಮವಿದೆ. ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳದ ಹಾಡಿನ ರೆಕಾರ್ಡಿಂಗ್‌ಗೆ ಅಲ್ಲಿ ರಾಯಲ್ಟಿ ಸಿಗುವುದಿಲ್ಲ. ಹಾಗಾಗಿ ಅಲ್ಲಿಂದ ಕಾಸು ಬರುತ್ತಿದ್ದುದು ಅಪ್ಪನ ಹಾಡಿಗೆ ಮಾತ್ರ. ಕಾರ್ಯಕ್ರಮಕ್ಕೆ ಕರೆಯುವವರೂ ಅದನ್ನೇ ಕೇಳುತ್ತಿದ್ದರು. ಎರಡು ವರ್ಷದಿಂದ ಹೆಚ್ಚುಕಡಿಮೆ ಪ್ರತಿ ಶನಿವಾರ ಅದೇ ಹಾಡು.

ನಾಲ್ಕನೇ ಭೇಟಿಯಲ್ಲಿ, ಅಪ್ಪನ ಬಗ್ಗೆ ಹೇಳಿ ಅಂದೆ. ಆಕೆ ಶುರು ಮಾಡಿದಳು. ನೆರಳು, ಹೆಗಲು, ಹಬ್ಬದ ದಿನ. ಎಲ್ಲವೂ ಹಾಡಿನಲ್ಲಿದ್ದ ಮಾತುಗಳೇ. ನಾನು ತಡೆದೆ.

'ಹಾಡು ಬಿಟ್ಟು ಹೇಳಿ.'

ಆಕೆ ಬಾಯಿ ತೆರೆದಳು, ಮಾತು ಬರಲಿಲ್ಲ. ನಾನೂ ಸುಮ್ನೆ ಕೂತೆ. ತುಂಬಾ ಹೊತ್ತಾದ ಮೇಲೆ ಹೇಳಿದಳು:

'ಅಪ್ಪಾ ಹೋಗಿ ಎರಡು ವರ್ಷದ ಮ್ಯಾಲಾತ್ರಿ ಮೇಡಮ್. ನಾ ಅವರನ್ನ ನೆನಸ್ಕೊಂಡೇ ಇಲ್ರಿ. ಬರೇ ಹಾಡೀನಿ.'

ಆಮೇಲೆ ಒಂದೊಂದೇ ಹೊರಬಂತು. ಅಪ್ಪ ಬಸ್ ಕಂಡಕ್ಟರ್. ಕೆಲಸ ಬಿಟ್ಟು ಗಿಟಾರ್ ಹಿಡಿದ ಮಗಳಿಗೆ 'ಹಾಡಿದ್ರ ಹೊಟ್ಟಿ ತುಂಬ್ತದೇನ?' ಎಂದಿದ್ದರು. ತೀರಿಕೊಳ್ಳುವ ಮುಂಚೆ ಎಂಟು ತಿಂಗಳು ಅಪ್ಪ ಮಗಳು ಮಾತಾಡಿರಲಿಲ್ಲ. ಹಾಡಿನಲ್ಲಿ ಈ ಎಂಟು ತಿಂಗಳು ಇರಲೇ ಇಲ್ಲ. ಪ್ರತಿ ಶನಿವಾರ ಆಕೆ ಹಾಡುತ್ತಿದ್ದುದು ಜಗಳವೇ ಆಡದ ಒಬ್ಬ ಅಪ್ಪನನ್ನು. ನಿಜವಾದ ಅಪ್ಪನ ಮೇಲಿನ ಸಿಟ್ಟು ಹಾಗೇ ಉಳಿದಿತ್ತು. ಹೊಸದಾಗಿ ಬರೆಯಲು ಕೂತಾಗಲೆಲ್ಲ ಆ ಸಿಟ್ಟೇ ಎದುರು ಬರುತ್ತಿತ್ತು. ಆಕೆ ಪೆನ್ನು ಕೆಳಗಿಡುತ್ತಿದ್ದಳು.

ನಾನು ಹೇಳಿದ್ದು ಎರಡೇ. ಮೂರು ತಿಂಗಳು ಆ ಹಾಡನ್ನು ಎಲ್ಲೂ ಹಾಡಬೇಡಿ. ದಿನಕ್ಕೊಂದು ಪುಟ ಅಪ್ಪನಿಗೆ ಬರೆಯಿರಿ. ಅದು ಹಾಡಾಗಬೇಕಿಲ್ಲ, ನನಗೂ ತೋರಿಸಬೇಕಿಲ್ಲ.

ಮೊದಲನೆಯದಕ್ಕೆ ಎಲ್ಲರೂ ಸಿಟ್ಟಾದರು. ಅವರಮ್ಮ ಫೋನ್ ಮಾಡಿ, 'ಇದ್ದೊಂದು ಹಾಡೂ ಬ್ಯಾಡಂದ್ರ ಹೆಂಗ್ರಿ?' ಎಂದರು. ಆ ಪ್ರಶ್ನೆ ನ್ಯಾಯವಾದದ್ದೇ. ಮನೆ ಬಾಡಿಗೆ ಕಟ್ಟುವವಳಿಗೆ ಸುಲಭವಾಗಿ ಹೇಳುವ ಮಾತಲ್ಲ ಇದು. ಅದಕ್ಕೇ ಮೊದಲು ಲೆಕ್ಕ ಹಾಕಿದೆವು. ಆನ್‌ಲೈನ್ ಗಿಟಾರ್ ಪಾಠಕ್ಕೆ ಇನ್ನೂ ನಾಲ್ಕು ಮಕ್ಕಳು ಸೇರಿದರೆ ಬಾಡಿಗೆ ಹುಟ್ಟುತ್ತಿತ್ತು. ಅವರು ಸೇರಿದ ಮೇಲೆಯೇ ಮೂರು ತಿಂಗಳ ಎಣಿಕೆ ಶುರುವಾಯಿತು.

ಗೆಳೆಯರೊಬ್ಬರು ಇನ್ನೊಂದು ಕೇಳಿದರು. ಭಜನೆಯವರು ಶಿಶುನಾಳ ಶರೀಫರ ಪದಗಳನ್ನು ತಲೆಮಾರುಗಳಿಂದ ಹಾಡುತ್ತಿಲ್ಲವೇ, ಅವರಿಗೇನಾಗಿದೆ? ಏನೂ ಆಗಿಲ್ಲ, ನಿಜ. ಆದರೆ ಭಜನೆಯಲ್ಲಿ ಒಬ್ಬರು ಎತ್ತಿದ್ದನ್ನು ಹತ್ತು ಜನ ಹಿಂದಿನಿಂದ ಹಿಡಿಯುತ್ತಾರೆ. ಪದದ ಭಾರ ಹಂಚಿಹೋಗುತ್ತದೆ. ಇಲ್ಲಿ ಒಬ್ಬಳೇ ಹುಡುಗಿ, ಮೇಲೆ ದೀಪ, ಎದುರಿಗೆ ಫೋನು ಹಿಡಿದವರು.

ನೋವಿದ್ದರೇ ಕಲೆ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಆ ಹಾಡು ಹುಟ್ಟಿದ್ದು ಯಾವಾಗ ಎಂದು ಆಕೆಯನ್ನೇ ಕೇಳಿದ್ದೆ. ಅಪ್ಪ ಹೋಗಿ ನಾಲ್ಕು ತಿಂಗಳಾದ ಮೇಲೆ, ಶಿರಸಿಯ ಚಿಕ್ಕಮ್ಮನ ಮನೆಯಲ್ಲಿ, ವಾರಗಟ್ಟಲೆ ಉಂಡು ನಿದ್ದೆ ಮಾಡಿದ ಮೇಲೆ. ಅಳುತ್ತಿದ್ದ ದಿನಗಳಲ್ಲಿ ಒಂದು ಸಾಲೂ ಬಂದಿರಲಿಲ್ಲ. ಇದನ್ನು ಓದುತ್ತಿರುವ ಹಾಡುಗಾರರೇ, ಚಿಕಿತ್ಸೆ ತಗೊಂಡರೆ ಹಾಡು ಹೋಗಿಬಿಡುತ್ತದೆ ಎಂದು ನರಳುತ್ತಾ ಕೂರಬೇಡಿ. ನಿದ್ದೆ, ಊಟ ಕೆಟ್ಟಿದ್ದರೆ, ಬದುಕು ಸಾಕೆನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆ ಮೂರು ತಿಂಗಳಲ್ಲಿ ಎರಡು ಕಾರ್ಯಕ್ರಮ ಕೈತಪ್ಪಿದವು. ಆ ರಾತ್ರಿಗಳಲ್ಲಿ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ. ಏಳನೇ ವಾರ ಆಕೆ ನೋಟ್‌ಬುಕ್ ತಂದು ತಾನಾಗಿಯೇ ಒಂದು ಪುಟ ಓದಿದಳು. ಅಪ್ಪನ ಚರ್ಮದ ಚೀಲ, ಅದರೊಳಗಿನ ಚಿಲ್ಲರೆಯ ವಾಸನೆ, ಮಾತು ಬಿಟ್ಟ ಮೇಲೂ ಮಗಳು ಊರಿಗೆ ಬಂದಾಗಲೆಲ್ಲ ಅವಳಿಗೆಂದು ಆ ಚೀಲದಿಂದ ತೆಗೆದು ಟೀವಿ ಮೇಲೆ ಇಡುತ್ತಿದ್ದ ಹತ್ತರ ನೋಟು.

'ಇದು ಹಾಡಲ್ರಿ,' ಎಂದಳು. ನೋಟ್‌ಬುಕ್ ಮುಚ್ಚುವಾಗ ಮಾತ್ರ ಬೆರಳುಗಳು ಅದರ ರಟ್ಟಿನ ಮೇಲೆ ತಾಳ ಹಾಕುತ್ತಿದ್ದವು.